ಬಿಎ ಇತಿಹಾಸದಿಂದ ಎಂಬಿಎಗೆ: ಲೆಕ್ಕ ಎಷ್ಟು ಬೇಕು, ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು. ಬಿಎ ಕೊನೆಯ ವರ್ಷದಲ್ಲಿದ್ದೇನೆ. ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ನನ್ನ ವಿಷಯಗಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಗಣಿತವನ್ನು ಅಲ್ಲಿಗೇ ಬಿಟ್ಟೆ. ಎಂಬಿಎ ಮಾಡಬೇಕು ಅನ್ನುವ ಆಸೆ ಇದೆ. ಬಿಕಾಂ, ಬಿಇ ಮಾಡಿದವರ ಮಧ್ಯೆ ನಾನು ನಿಲ್ಲಬಲ್ಲೆನಾ? ಐಐಎಂನಂಥ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಯಾಟ್‌ಗೆ ಕೋಚಿಂಗ್ ಸೇರಲೇಬೇಕಾ? ಕಾಲೇಜು ಸೇರುವ ಮೊದಲು ಏನೇನು ಕಲಿತಿರಬೇಕು? ಅಪ್ಪ "ಬಿಎ ಓದಿದ ಮೇಲೆ ಬಿಎಡ್ ಮಾಡು, ಎಂಬಿಎ ಯಾಕೆ" ಅನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಖಂಡಿತ ನಿಲ್ಲಬಲ್ಲಿರಿ. ಕ್ಯಾಟ್ ಬರೆಯಲು ಯಾವುದೇ ವಿಷಯದ ಪದವಿ ಆಗುತ್ತದೆ. ಅಂಕ ಶೇ 50 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45 ಸಾಕು. ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು.

ನಾನು ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್‌ನವರಿಗೆ ಅಕೌಂಟ್ಸ್ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಬಿಎ ಓದಿದವರು ಇರುತ್ತಾರೆ. ಅವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ: ಮೊದಲ ಎರಡು ತಿಂಗಳು. ಅಕೌಂಟ್ಸ್, ಸ್ಟ್ಯಾಟಿಸ್ಟಿಕ್ಸ್, ಎಕ್ಸೆಲ್ ಮೂರೂ ಒಟ್ಟಿಗೆ ಮೈಮೇಲೆ ಬರುತ್ತವೆ. ಪಕ್ಕದಲ್ಲಿ ಕೂತವರಿಗೆ ಅದೆಲ್ಲ ಹಳೆಯ ಪಾಠ. ಅಲ್ಲೇ ಧೈರ್ಯ ಕುಸಿದು, "ಲೆಕ್ಕ ನನ್ನ ಕೈಲಾಗಲ್ಲ" ಅಂತ ಸುಮ್ನೆ ಕೂತುಬಿಡುತ್ತಾರೆ. ಈ ಮೂರನ್ನೂ ಸ್ವಲ್ಪ ಕಲಿತು ಬಂದವರ ಕತೆಯೇ ಬೇರೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಯಾರು ಬಿಕಾಂ, ಯಾರು ಬಿಎ ಅಂತ ಉತ್ತರ ಪತ್ರಿಕೆ ನೋಡಿ ಹೇಳಲು ಆಗುವುದಿಲ್ಲ. ನಿಮಗಿರುವ ಕೊರತೆ ಕಿರಿದು. ಒಂದು ವರ್ಷ ದಿನಕ್ಕೆ ಒಂದೂವರೆ ಗಂಟೆ ಕೂತರೆ ಅದು ತುಂಬುತ್ತದೆ. ಆದರೆ ಅದನ್ನು ತುಂಬುವ ಭರದಲ್ಲಿ ಇತಿಹಾಸವನ್ನು ಮೂಲೆಗೆ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. ನಿಮಗೆ ಬೇಕಾಗಿರುವುದು ಏಳನೆಯಿಂದ ಹತ್ತನೇ ತರಗತಿವರೆಗಿನ ಗಣಿತ. ಶೇಕಡಾ, ಅನುಪಾತ, ಸರಾಸರಿ, ಲಾಭ-ನಷ್ಟ, ಸರಳ ಬಡ್ಡಿ, ಚಕ್ರಬಡ್ಡಿ, ಕಾಲ ಮತ್ತು ಕೆಲಸ, ಒಂದೆರಡು ಅವ್ಯಕ್ತಗಳ ಸಮೀಕರಣ. ಇವು ಬಂದರೆ ಕ್ಯಾಟ್ ಗಣಿತದ ದೊಡ್ಡ ಪಾಲು ಬಂದ ಹಾಗೆ, ಎಂಬಿಎ ಮೊದಲ ವರ್ಷದ ಬಹುಪಾಲು ಲೆಕ್ಕವೂ ಬಂದ ಹಾಗೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಿಂದಲೇ ಶುರು ಮಾಡಿ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಆಮೇಲೆ ಅದೇ ಪಾಠವನ್ನು ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕದಲ್ಲಿ ನೋಡಿ, ಇಂಗ್ಲಿಷ್ ಪದಗಳೂ ಕೈಗೆ ಬರುತ್ತವೆ. ನೇರವಾಗಿ ದಪ್ಪ ಕ್ಯಾಟ್ ಪುಸ್ತಕ ತೆಗೆದುಕೊಂಡು ಕೂತವರು ಮೂರನೇ ವಾರಕ್ಕೆ ಬಿಟ್ಟಿದ್ದನ್ನು ತುಂಬಾ ನೋಡಿದ್ದೇನೆ.

ಶೇಕಡಾ ವಿಷಯದಲ್ಲಿ ಮಾತ್ರ ಜಾಸ್ತಿ ದಿನ ನಿಲ್ಲಿ. 80 ರೂಪಾಯಿಗೆ ತಂದ ವಸ್ತುವನ್ನು 100ಕ್ಕೆ ಮಾರಿದರೆ ಲಾಭ ಎಷ್ಟು? ಶಾಲೆಯ ಲೆಕ್ಕದಲ್ಲಿ ಕೊಂಡ ಬೆಲೆಯ ಮೇಲೆ ಶೇ 25. ಕಂಪನಿಯವರು ಮಾರ್ಜಿನ್ ಅಂದಾಗ ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಅದು ಶೇ 20. ಶೇ 20 ರಿಯಾಯಿತಿ ಕೊಟ್ಟು ಅದರ ಮೇಲೆ ಮತ್ತೆ ಶೇ 20 ಕೊಟ್ಟರೆ ಒಟ್ಟು ಶೇ 36 ಆಗುತ್ತದೆ, 40 ಅಲ್ಲ. "ಯಾವುದರ ಮೇಲೆ ಶೇಕಡಾ?" ಅಂತ ಪ್ರತಿ ಸಲ ಕೇಳಿಕೊಳ್ಳುವ ಅಭ್ಯಾಸ ಆದರೆ ಅರ್ಧ ತಪ್ಪುಗಳು ಹೋಗುತ್ತವೆ.

ಇನ್ನೊಂದು ಲೆಕ್ಕವನ್ನು ನಿಮ್ಮ ಬೀದಿಯ ದರ್ಶಿನಿಯಲ್ಲೇ ಮಾಡಬಹುದು. ಬಾಡಿಗೆ, ಸಂಬಳ, ಕರೆಂಟು ಸೇರಿ ತಿಂಗಳಿಗೆ 1,80,000 ರೂಪಾಯಿ ಖರ್ಚು ಅಂದುಕೊಳ್ಳಿ. ಇಡ್ಲಿ ಮಾರಲಿ ಬಿಡಲಿ, ಅದು ಕೊಡಲೇಬೇಕು. ಒಂದು ಪ್ಲೇಟ್ ಇಡ್ಲಿ 40 ರೂಪಾಯಿ. ಅಕ್ಕಿ, ಉದ್ದು, ಚಟ್ನಿ, ಗ್ಯಾಸ್ ಎಲ್ಲ ಸೇರಿ ಪ್ಲೇಟಿಗೆ 22. ಉಳಿಯುವುದು 18. ತಿಂಗಳ ಖರ್ಚು ಹುಟ್ಟಲು 10,000 ಪ್ಲೇಟ್ ಹೋಗಬೇಕು, ಅಂದರೆ ದಿನಕ್ಕೆ ಸುಮಾರು 333. ಈಗ ಬೆಲೆಯನ್ನು 45 ಮಾಡಿ. ಪ್ಲೇಟಿಗೆ 23 ಉಳಿಯುತ್ತದೆ, ದಿನಕ್ಕೆ ಸುಮಾರು 261 ಪ್ಲೇಟ್ ಸಾಕು. ಆದರೆ 5 ರೂಪಾಯಿ ಜಾಸ್ತಿ ಆದರೆ ಎಷ್ಟು ಜನ ಪಕ್ಕದ ಹೋಟೆಲ್ಲಿಗೆ ಹೋಗುತ್ತಾರೆ? ಬ್ರೇಕ್ ಈವನ್ ಅಂತ ಮೊದಲ ಸೆಮಿಸ್ಟರಲ್ಲಿ ಕಲಿಸುವುದು ಇದನ್ನೇ. ಭಾಗಾಕಾರ ಬಂದರೆ ಲೆಕ್ಕ ಮುಗಿಯಿತು. ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಜನರನ್ನು ಬಲ್ಲವರು ಬೇಕು.

ಅಕೌಂಟ್ಸ್‌ಗೆ ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕ ಸಾಕು, ಅದೂ ಉಚಿತ. ಜರ್ನಲ್ ಎಂಟ್ರಿ, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಕೊನೆಗೆ ಲಾಭ-ನಷ್ಟ ಖಾತೆ ಮತ್ತು ಬ್ಯಾಲೆನ್ಸ್ ಶೀಟ್. ಪೆನ್ನು ಹಿಡಿದು ಮಾಡಬೇಕು, ಓದಿದರೆ ಬರುವುದಿಲ್ಲ. ಬಾಯಿಪಾಠದ ಸೂತ್ರಗಳಿಗಿಂತ ಮುಖ್ಯವಾದ ಒಂದು ವಿಷಯ ಇಲ್ಲಿದೆ: ಲಾಭ ಬೇರೆ, ಕೈಯಲ್ಲಿರುವ ದುಡ್ಡು ಬೇರೆ.

ಚಿಕ್ಕಪೇಟೆಯ ಒಬ್ಬ ಸಗಟು ಸೀರೆ ವ್ಯಾಪಾರಿ ಅಂದುಕೊಳ್ಳಿ. ನೇಕಾರರಿಗೆ 6 ಲಕ್ಷ ನಗದು ಕೊಟ್ಟು ಸೀರೆ ತಂದರು. ಮಾರ್ಚಿನಲ್ಲಿ ಅಷ್ಟನ್ನೂ ದಾವಣಗೆರೆಯ ಅಂಗಡಿಗೆ 8 ಲಕ್ಷಕ್ಕೆ ಉದ್ದರಿ ಕೊಟ್ಟರು. ದುಡ್ಡು ಬರುವುದು ಎರಡು ತಿಂಗಳ ಮೇಲೆ. ಮಾರ್ಚ್ 31ಕ್ಕೆ ಪುಸ್ತಕ ಮುಚ್ಚಿದಾಗ ಲಾಭ 2 ಲಕ್ಷ ಅಂತ ಕಾಣುತ್ತದೆ. ಗಲ್ಲಾದಲ್ಲಿ ನೋಡಿದರೆ 6 ಲಕ್ಷ ಖಾಲಿ. ಏಪ್ರಿಲ್ ಮೊದಲ ವಾರ ಬಾಡಿಗೆ, ಸಂಬಳ ಎಲ್ಲಿಂದ ಕೊಡಬೇಕು? ಲಾಭದಲ್ಲಿ ಇದ್ದೂ ಅಂಗಡಿಗಳು ಮುಚ್ಚುವುದು ಹೀಗೆ. ಕಂಪನಿಗಳು ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್ ಜೊತೆ ದುಡ್ಡು ಬಂದದ್ದು ಹೋದದ್ದನ್ನು ತೋರಿಸುವ ಕ್ಯಾಶ್ ಫ್ಲೋ ಅಂತ ಮೂರನೇ ಪಟ್ಟಿ ಕೊಡುವುದೂ ಇದಕ್ಕೇ. ನಿಮ್ಮ ಮನೆಯ ಹತ್ತಿರ ಅಂಗಡಿ ಇಟ್ಟ ಪರಿಚಯದವರು ಇದ್ದರೆ ಹೋಗಿ ಕೇಳಿ: ಉದ್ದರಿ ಎಷ್ಟು ದಿನ, ದಾಸ್ತಾನು ಎಷ್ಟು ದಿನ ಕೂರುತ್ತದೆ, ಸಪ್ಲೈಯರ್ ಎಷ್ಟು ದಿನ ಕಾಯುತ್ತಾನೆ. ಈ ಮೂರು ಉತ್ತರ ಸಿಕ್ಕರೆ ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದ ವ್ಯಾಪಾರ ನಡೆಸಲು ಬೇಕಾದ ದುಡ್ಡಿನ ಪಾಠ ಆದ ಹಾಗೆಯೇ.

ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸರಾಸರಿ, ಮೀಡಿಯನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಸಂಭವನೀಯತೆ ಇಷ್ಟು ನೋಡಿಕೊಳ್ಳಿ. ಎನ್‌ಸಿಇಆರ್‌ಟಿ 11ನೇ ತರಗತಿಯ ಅರ್ಥಶಾಸ್ತ್ರದವರಿಗೆ ಅಂಕಿಅಂಶದ ಒಂದು ತೆಳ್ಳನೆಯ ಪುಸ್ತಕ ಇದೆ, ಗಣಿತ ಬಿಟ್ಟವರಿಗೂ ಅರ್ಥ ಆಗುತ್ತದೆ. ಇದು ನಿಮಗೆ ಕಾಲೇಜು ಆರಿಸುವಾಗಲೇ ಉಪಯೋಗಕ್ಕೆ ಬರುತ್ತದೆ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 6 ಲಕ್ಷದ ಕೆಲಸ, ಒಬ್ಬರಿಗೆ 46 ಲಕ್ಷದ ಕೆಲಸ ಸಿಕ್ಕಿದರೆ ಸರಾಸರಿ 10 ಲಕ್ಷ. ಜಾಹೀರಾತಿನಲ್ಲಿ ಬರುವುದು ಆ 10. ಎಲ್ಲರ ಸಂಬಳವನ್ನು ಸಾಲಾಗಿ ಇಟ್ಟರೆ ನಡುವೆ ಬರುವುದು ಮೀಡಿಯನ್, ಅದು 6 ಲಕ್ಷ. ಕಾಲೇಜಿಗೆ ಫೋನ್ ಮಾಡಿದಾಗ ಮೀಡಿಯನ್ ಎಷ್ಟು, ಬ್ಯಾಚಿನಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡುವ ಕಾಲೇಜಿಗೆ ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ನೀವೂ ಹಿಂದೆಮುಂದೆ ನೋಡಿ.

ಎಕ್ಸೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ತಿಂಗಳ ಮನೆ ಖರ್ಚು ಹಾಕಿ, ಅದನ್ನು ವಿಂಗಡಿಸಿ, ಗುಂಪು ಗುಂಪಾಗಿ ಕೂಡಿಸಿ ತೋರಿಸುವ ಪಿವಟ್ ಟೇಬಲ್ ಮಾಡಿ. ಇಷ್ಟು ಬಂದರೆ ಉಳಿದದ್ದು ಕ್ಲಾಸಿನಲ್ಲಿ ಬರುತ್ತದೆ. ಐಐಎಂ ಬೆಂಗಳೂರಿನ ಅಧ್ಯಾಪಕರ ಪಾಠಗಳು ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಅಕೌಂಟ್ಸ್ ಪಾಠವೂ ಇದೆ. ಬನ್ನೇರುಘಟ್ಟ ರಸ್ತೆಯ ಆ ಕ್ಯಾಂಪಸ್ಸಿನಲ್ಲಿ ಹೇಗೆ ಪಾಠ ನಡೆಯುತ್ತದೆ ಅಂತ ಮನೆಯಲ್ಲೇ ಕೂತು ನೋಡಬಹುದು.

ಈಗ ಕ್ಯಾಟ್. ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತದೆ, ಅರ್ಜಿ ಆಗಸ್ಟ್-ಸೆಪ್ಟೆಂಬರಿನಲ್ಲಿ. ಒಟ್ಟು 120 ನಿಮಿಷ, ಮೂರು ಭಾಗ: ಇಂಗ್ಲಿಷ್ ಓದು, ಡೇಟಾ ಮತ್ತು ತರ್ಕ, ಗಣಿತ. ಪ್ರತಿ ಭಾಗಕ್ಕೆ 40 ನಿಮಿಷ, ಒಂದರ ಸಮಯವನ್ನು ಇನ್ನೊಂದಕ್ಕೆ ಬಳಸಲು ಬಿಡುವುದಿಲ್ಲ. ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪಾದರೆ 1 ಅಂಕ ಹೋಗುತ್ತದೆ. ಒಳ್ಳೆಯ ಕಾಲೇಜುಗಳು ಪ್ರತಿ ಭಾಗಕ್ಕೂ ಬೇರೆ ಕಟಾಫ್ ಇಡುತ್ತವೆ, ಹಾಗಾಗಿ ಗಣಿತವನ್ನು ಪೂರ್ತಿ ಬಿಟ್ಟು ಪಾರಾಗಲು ಆಗುವುದಿಲ್ಲ. ಆದರೆ ಎಲ್ಲ ಪ್ರಶ್ನೆ ಮಾಡಬೇಕಾಗಿಯೂ ಇಲ್ಲ. ಗಣಿತದ ಭಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ 22 ಪ್ರಶ್ನೆ ಇರುತ್ತವೆ. ಅರ್ಧಕ್ಕಿಂತ ಕಡಿಮೆ ಸರಿ ಮಾಡಿದವರಿಗೂ ಒಳ್ಳೆಯ ಪರ್ಸೆಂಟೈಲ್ (ಬರೆದವರಲ್ಲಿ ಶೇಕಡಾ ಎಷ್ಟು ಜನರಿಗಿಂತ ಮುಂದೆ ಅನ್ನುವ ಅಳತೆ) ಬಂದಿದೆ. ಬರುವ ಲೆಕ್ಕ ಆರಿಸಿ, ಬಾರದ್ದನ್ನು ಮುಟ್ಟದೆ ಬಿಡುವುದೇ ಇಲ್ಲಿ ಅಭ್ಯಾಸ ಮಾಡಬೇಕಾದ್ದು.

ಇಂಗ್ಲಿಷ್ ಭಾಗದ ಬಗ್ಗೆ ನಿಮಗೆ ಭಯ ಇರಬಹುದು. ಅಲ್ಲಿ ಜಾಸ್ತಿ ಪ್ರಶ್ನೆ ಬರುವುದು ಉದ್ದ ಗದ್ಯಭಾಗಗಳ ಮೇಲೆ. ವಿಷಯ ಇತಿಹಾಸ, ಸಮಾಜ, ತತ್ವಶಾಸ್ತ್ರ, ಕಲೆ, ಅಂದರೆ ನೀವು ಮೂರು ವರ್ಷ ಓದಿದ್ದೇ. ಎಂಜಿನಿಯರಿಂಗ್ ಓದಿದ ಎಷ್ಟೋ ಜನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಅಥವಾ ಪ್ರಬಂಧ ಓದಿ, ಅದರ ವಾದ ಏನು ಅಂತ ಕನ್ನಡದಲ್ಲಿ ಮೂರು ವಾಕ್ಯ ಬರೆಯಿರಿ. ಪದ ಗೊತ್ತಿಲ್ಲದಿದ್ದರೂ ವಾದ ಹಿಡಿಯಲು ಬರುತ್ತದೆ ಅನ್ನುವ ಧೈರ್ಯ ಕೆಲವೇ ವಾರಗಳಲ್ಲಿ ಬರುತ್ತದೆ.

ಕೋಚಿಂಗ್ ವಿಷಯ. ಜಯನಗರ, ರಾಜಾಜಿನಗರ, ಕೋರಮಂಗಲ ಎಲ್ಲ ಕಡೆ ಕೋಚಿಂಗ್ ಸೆಂಟರುಗಳಿವೆ. ಅಲ್ಲಿನ ವೇಗ ಗಣಿತ ಬಿಡದೆ ಬಂದವರಿಗೆ ಹೊಂದುವ ಹಾಗೆ ಇರುತ್ತದೆ. ನೀವು ಮೊದಲ ನಾಲ್ಕೈದು ತಿಂಗಳು ಶಾಲಾ ಗಣಿತ ಮುಗಿಸಿಕೊಳ್ಳಿ. ಆಮೇಲೂ ಬೇಕು ಅನ್ನಿಸಿದರೆ ಸೇರಿ. ಅಣಕು ಪರೀಕ್ಷೆಗಳಿಗೆ ಮಾತ್ರ ದುಡ್ಡು ಕೊಟ್ಟು ಟೆಸ್ಟ್ ಸೀರೀಸ್ ತೆಗೆದುಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಅಣಕು ಪರೀಕ್ಷೆ ಬರೆದರೆ ಅದನ್ನು ತಿದ್ದಿ ನೋಡಲು ಎರಡರಷ್ಟು ಸಮಯ ಕೊಡಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ, ವಿಜಯನಗರದಿಂದ ಮೆಟ್ರೋ ಹತ್ತಿದರೆ ಸಾಕು.

ಇನ್ನು ಇತಿಹಾಸವನ್ನು ಯಾಕೆ ಬಿಡಬಾರದು ಅನ್ನುವುದು. ಕ್ಯಾಟ್ ಆದ ಮೇಲೆ ಇಂಟರ್‌ವ್ಯೂ ಇರುತ್ತದೆ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ. ಅಲ್ಲಿ ನಿಮ್ಮ ಪದವಿಯ ವಿಷಯದ ಮೇಲೆಯೇ ಪ್ರಶ್ನೆ ಬೀಳುತ್ತವೆ. ವರ್ಷವಿಡೀ ಗಣಿತ ಮಾಡಿ, ತಮ್ಮ ಸ್ವಂತ ವಿಷಯ ಮರೆತು ಹೋಗುವ ಬಿಎ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. "ಇತಿಹಾಸ ಓದಿದವರು ಎಂಬಿಎ ಯಾಕೆ?" ಅಂತ ಕೇಳಿದಾಗ "ಸ್ಕೋಪ್ ಇದೆ ಸರ್" ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಕೈಯಲ್ಲಿ ಎಂಥ ಸರಕು ಇದೆ ನೋಡಿ. ಕರಾವಳಿಯ ಎರಡು ಊರುಗಳಿಂದ ಎಷ್ಟು ಬ್ಯಾಂಕು ಹುಟ್ಟಿದವು! ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಸಿಂಡಿಕೇಟ್ ಶುರುವಾದದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಹತ್ತಿರ ಬ್ಯಾಂಕೇ ಹೋಯಿತು. ಇವತ್ತು ಮಾರ್ಕೆಟಿಂಗ್ ಕ್ಲಾಸಿನಲ್ಲಿ ಗ್ರಾಹಕ, ವಿತರಣೆ, ನಂಬಿಕೆ ಅಂತ ವಾರಗಟ್ಟಲೆ ಚರ್ಚೆ ಮಾಡುತ್ತೇವಲ್ಲ, ಅದೆಲ್ಲ ಇಲ್ಲಿದೆ. ಎರಡಾಣೆ ಕಟ್ಟಿಸಿಕೊಳ್ಳಲು ಏಜೆಂಟರಿಗೆ ಕಮಿಷನ್ ಎಷ್ಟು ಕೊಟ್ಟರೆ ಬ್ಯಾಂಕಿಗೆ ಉಳಿಯುತ್ತದೆ? ಈ ಪ್ರಶ್ನೆ ಕೇಳಿದ ಕೂಡಲೇ ಇತಿಹಾಸದ ಪಾಠ ಇಡ್ಲಿ ಪ್ಲೇಟಿನ ಲೆಕ್ಕದ ಹತ್ತಿರ ಬರುತ್ತದೆ.

ಇನ್ನೊಂದು, ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧ ಬಂದಾಗ ಮೈಸೂರು ಸಂಸ್ಥಾನದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು, ದಾಸ್ತಾನು ಬಿದ್ದಿತು. ಆಗ ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ, ಅದರಿಂದ ಸೋಪು. ಮರ ಮಾರುತ್ತಿದ್ದ ಸಂಸ್ಥಾನ ಸಿದ್ಧ ವಸ್ತು ಮಾರುವ ಹಾಗಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಕಾಲವನ್ನು ನೀವು ಪರೀಕ್ಷೆಗೆ ಓದಿಯೇ ಇರುತ್ತೀರಿ. ಅದೇ ಪಾಠವನ್ನು "ಬಂಡವಾಳ ಎಲ್ಲಿಂದ ಬಂತು, ಕೊಳ್ಳುವವರು ಯಾರು, ನಷ್ಟ ಆಗಿದ್ದರೆ ಯಾರ ತಲೆಗೆ" ಅಂತ ಕೇಳುತ್ತಾ ಇನ್ನೊಮ್ಮೆ ಓದಿ.

ಇದೇ ಕಣ್ಣಿನಿಂದ ಒಂದು ಕಂಪನಿಯ ವಾರ್ಷಿಕ ವರದಿ ಓದಿ. ಟೈಟನ್ ತೆಗೆದುಕೊಳ್ಳಬಹುದು, ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ, ವರದಿ ಉಚಿತವಾಗಿ ಸಿಗುತ್ತದೆ. 1984ರಲ್ಲಿ ಗಡಿಯಾರಕ್ಕೆ ಅಂತ ಶುರುವಾದ ಕಂಪನಿಗೆ ಇವತ್ತು ಜಾಸ್ತಿ ವ್ಯಾಪಾರ ಆಭರಣದಿಂದ. ಇದು ಹೇಗಾಯಿತು? ಇತಿಹಾಸದ ವಿದ್ಯಾರ್ಥಿ ಕೇಳುವ ಪ್ರಶ್ನೆಯೇ ಇದು. ಉತ್ತರದ ಅರ್ಧ ಭಾಗ ಅಂಕಿಗಳಲ್ಲಿ ಇರುತ್ತದೆ. ಬೇಸಿಗೆ ರಜೆಯಲ್ಲಿ ಒಂದೇ ಒಂದು ವರದಿಯನ್ನು ಕೊನೆವರೆಗೆ ಓದಿದರೂ ನೀವು ತರಗತಿಯಲ್ಲಿ ಹಿಂದೆ ಬೀಳುವುದಿಲ್ಲ.

ಯಾವ ಕಾಲೇಜು ಅನ್ನುವ ವಿಚಾರದಲ್ಲಿ ಒಂದು ಮಾತು ಮೊದಲೇ ತಿಳಿದಿರಲಿ. ಐಐಎಂ ಬೆಂಗಳೂರು ಕ್ಯಾಟ್ ಅಂಕದ ಜೊತೆ ಹತ್ತನೇ ತರಗತಿ, ಪಿಯುಸಿ, ಪದವಿ ಅಂಕಗಳನ್ನೂ ನೋಡುತ್ತದೆ. ಹಳೆಯ ಅಂಕ ಕಡಿಮೆ ಇದ್ದರೆ ಅಲ್ಲಿ ಕಷ್ಟ. ಎಲ್ಲ ಐಐಎಂಗಳ ನಿಯಮ ಒಂದೇ ಅಲ್ಲ. ಅಹಮದಾಬಾದಿನಲ್ಲಿ ಪದವಿಯ ವಿಷಯದ ಪ್ರಕಾರ ಅರ್ಜಿದಾರರನ್ನು ಗುಂಪು ಮಾಡಿ ನೋಡುವ ಪದ್ಧತಿ ಇದೆ, ಇನ್ನು ಕೆಲವು ಕಡೆ ಎಂಜಿನಿಯರಿಂಗ್ ಅಲ್ಲದವರಿಗೆ ಸ್ವಲ್ಪ ಅಂಕ ಸಿಗುತ್ತದೆ. ಪ್ರತಿ ವರ್ಷ ಬದಲಾಗುವುದರಿಂದ ಆಯಾ ಸಂಸ್ಥೆಯ ಜಾಲತಾಣದಲ್ಲೇ ಓದಿ. ಕ್ಯಾಟ್ ಒಂದೇ ದಾರಿಯೂ ಅಲ್ಲ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಕ್ಸಾಟ್ ಪ್ರವೇಶ ಪರೀಕ್ಷೆಯಲ್ಲಿ ನಿರ್ಧಾರ ತೆಗೆದುಕೊಳ್ಳುವುದರ ಮೇಲೆ ಒಂದು ಭಾಗ ಇದೆ, ಬಿಎ ಓದಿದವರಿಗೆ ಒಗ್ಗುತ್ತದೆ. ಜಾಹೀರಾತು, ಮಾಧ್ಯಮ ಇಷ್ಟ ಇದ್ದರೆ ಅಹಮದಾಬಾದಿನ ಮೈಕಾ. ಹಳ್ಳಿ, ಸಹಕಾರ ಸಂಘಗಳ ಕಡೆ ಮನಸ್ಸಿದ್ದರೆ ಗುಜರಾತಿನ ಆನಂದ್ ಊರಿನ ಇರ್ಮಾ. ರಾಜ್ಯದಲ್ಲೇ, ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಿರಿ. ವಿಶ್ವವಿದ್ಯಾಲಯಗಳ ಎಂಬಿಎ ವಿಭಾಗಗಳನ್ನು ಕೀಳಾಗಿ ನೋಡಬೇಡಿ.

ಬಿಎ ಮುಗಿದ ಕೂಡಲೇ ಸೇರಬೇಕಾ? ತುಂಬಾ ಒಳ್ಳೆಯ ಕಾಲೇಜು ಸಿಕ್ಕರೆ ಸೇರಿ. ಇಲ್ಲದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ ಅನ್ನುತ್ತೇನೆ. ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆ, ಪ್ರಕಾಶನ, ಕಂಪನಿಗಳ ಕನ್ನಡ ಕಂಟೆಂಟ್, ಗ್ರಾಹಕ ಸೇವೆ ಇಂಥ ಕಡೆ ಬಿಎ ಓದಿದವರಿಗೆ ಕೆಲಸ ಸಿಗುತ್ತದೆ. ಯಾವ ಕೆಲಸವಾದರೂ ಸರಿ, ಅದರಲ್ಲಿ ಅಂಕಿಸಂಖ್ಯೆ ಇರುವ ಒಂದು ಜವಾಬ್ದಾರಿಯನ್ನು ಕೇಳಿ ತೆಗೆದುಕೊಳ್ಳಿ. ಬಜೆಟ್ ಶೀಟ್ ನೋಡಿಕೊಳ್ಳುವುದೋ, ತಿಂಗಳ ವರದಿ ಮಾಡುವುದೋ. ಇಂಟರ್‌ವ್ಯೂನಲ್ಲಿ ಅದು ಎರಡು ವರ್ಷದ ಕೋಚಿಂಗಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅಪ್ಪನ ಮಾತಿನಲ್ಲಿ ತಪ್ಪಿಲ್ಲ. ಬಿಎಡ್ ಒಳ್ಳೆಯ ದಾರಿ, ಖರ್ಚು ಕಡಿಮೆ, ಕೆಲಸಕ್ಕೆ ಗೌರವ ಇದೆ. ಅವರ ಆತಂಕ ದುಡ್ಡಿನದು ಅಂತ ನನ್ನ ಊಹೆ. ವಾದ ಮಾಡಬೇಡಿ, ಲೆಕ್ಕ ತೋರಿಸಿ. ಐಐಎಂ ಬೆಂಗಳೂರಿನ ಎರಡು ವರ್ಷದ ಫೀಸು 20 ಲಕ್ಷ ದಾಟುತ್ತದೆ, ವಿಶ್ವವಿದ್ಯಾಲಯದ ಸೀಟು ಅದರ ಸಣ್ಣ ಪಾಲು. 10 ಲಕ್ಷ ಸಾಲ ಶೇ 10 ಬಡ್ಡಿಗೆ 7 ವರ್ಷಕ್ಕೆ ಅಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ, ಒಟ್ಟು ಕಟ್ಟುವುದು 14 ಲಕ್ಷದ ಹತ್ತಿರ. ಎಕ್ಸೆಲ್‌ನಲ್ಲಿ ಪಿಎಂಟಿ ಅನ್ನುವ ಸೂತ್ರದಿಂದ ಇದನ್ನು ನೀವೇ ಹಾಕಿ. ಓದುವಾಗ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಸೇರುತ್ತಾ ಹೋಗುತ್ತದೆ, ಅದನ್ನೂ ಕೂಡಿಸಿ. ಆ ಕಾಲೇಜಿನ ಮೀಡಿಯನ್ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಈ ಕಂತು ಹೊರಬಹುದಾ ಅಂತ ಅಪ್ಪನ ಜೊತೆ ಕೂತು ನೋಡಿ. ಹೊರಲಾಗದಿದ್ದರೆ ಆ ಕಾಲೇಜು ಬೇಡ. ಬ್ಯಾಂಕುಗಳಲ್ಲಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಇಲ್ಲದೆ ಸಿಜಿಎಫ್‌ಎಸ್‌ಇಎಲ್ ಅನ್ನುವ ಸರ್ಕಾರದ ಖಾತರಿ ಯೋಜನೆ ಇದೆ, ಅದನ್ನು ಹೆಸರಿಟ್ಟು ಕೇಳಿ.

ಕೊನೆಯದಾಗಿ ಒಂದು ಕಾಗದದ ವಿಷಯ, ಎಷ್ಟೋ ಜನ ಇಲ್ಲೇ ಸೀಟು ಕಳೆದುಕೊಳ್ಳುತ್ತಾರೆ. ನೀವು ಹಿಂದುಳಿದ ವರ್ಗದವರಾಗಿದ್ದರೆ ರಾಜ್ಯದ 2ಎ, 3ಎ ಪ್ರಮಾಣಪತ್ರ ಐಐಎಂಗಳಿಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ಕೆನೆಪದರ ಅಲ್ಲ ಅನ್ನುವ ಪ್ರಮಾಣಪತ್ರ ಇರಬೇಕು. ತಹಶೀಲ್ದಾರ್ ಕಚೇರಿಯಿಂದ ಅದು ಕೈಗೆ ಬರಲು ಸಮಯ ಹಿಡಿಯುತ್ತದೆ. ಆಗಸ್ಟಿನಲ್ಲಿ ಅರ್ಜಿ ಶುರುವಾಗುವವರೆಗೆ ಕಾಯಬೇಡಿ, ಯಾವ ದಿನಾಂಕದ ಪ್ರಮಾಣಪತ್ರ ಆಗುತ್ತದೆ ಅಂತ ಹಿಂದಿನ ವರ್ಷದ ಕ್ಯಾಟ್ ಸೂಚನೆ ನೋಡಿಕೊಂಡು ಬೇಸಿಗೆಯಲ್ಲೇ ಓಡಾಟ ಮುಗಿಸಿ.